ಕಂಬದ ಮೇಲೆ ಕೆತ್ತಿದ ಹೆಸರು

ಮಗಳು ಹೆತ್ತ ಕೂಸಿನ ಮುಖವನ್ನು ಒಂಬತ್ತು ದಿನ ಕಂಡು, ಹತ್ತನೆಯ ದಿನ ಹಡಗನ್ನೇರಿದ ಅಜ್ಜನೊಬ್ಬನ ವೃತ್ತಾಂತವಿದು. ಆತನ ಹೆಸರು ಜಾನ್ ವೈಟ್. ಕುಂಚ ಹಿಡಿದ ಚಿತ್ರಕಾರ. ಕಾಲಯೋಗದಿಂದ ಒಂದು ವಸಾಹತಿನ ಗವರ್ನರ್ ಆದವನು. ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿ, ಇಂದಿನ ಉತ್ತರ ಕ್ಯಾರೊಲಿನಾ ರಾಜ್ಯಕ್ಕೆ ಸೇರಿದ ರೋನೋಕ್ ಎಂಬ ಪುಟ್ಟ ದ್ವೀಪದಲ್ಲಿ, ಕ್ರಿ.ಶ. 1587ನೆಯ ಆಗಸ್ಟ್ 18ರಂದು ಆತನ ಮಗಳು ಎಲಿನಾರ್ ಹೆಣ್ಣುಮಗುವಿಗೆ ಜನ್ಮವಿತ್ತಳು. ಅಮೆರಿಕದ ನೆಲದಲ್ಲಿ ಇಂಗ್ಲಿಷ್ ದಂಪತಿಗಳಿಗೆ ಹುಟ್ಟಿದ ಮೊದಲ ಮಗುವೆಂದು ಚರಿತ್ರೆಯಲ್ಲಿ ದಾಖಲಾದ ಆ ಶಿಶುವಿಗೆ ವರ್ಜೀನಿಯಾ ಡೇರ್ ಎಂದು ಹೆಸರಿಟ್ಟರು. ಅದೇ ತಿಂಗಳ 27ರಂದು ವೈಟ್ ಇಂಗ್ಲೆಂಡಿಗೆ ಹೊರಟನು. ದವಸಧಾನ್ಯಗಳನ್ನು ತರಲು ಯಾರಾದರೂ ಹೋಗಲೇಬೇಕಿತ್ತು. ಗವರ್ನರನೇ ಹೋದರೆ ಅಲ್ಲಿಯ ದೊಡ್ಡವರು ಕಿವಿಗೊಟ್ಟಾರೆಂದು ಜನರೆಲ್ಲ ಆತನನ್ನೇ ಒತ್ತಾಯಿಸಿದರು. ಆತನಿಗೆ ಮನಸ್ಸಿರಲಿಲ್ಲ. ತನ್ನವರನ್ನು ಕೈಬಿಟ್ಟು ಬಂದನೆಂಬ ಅಪವಾದಕ್ಕೆ ಅಂಜಿದನು. ತಾನಿಲ್ಲದಾಗ ತನ್ನ ಸಾಮಾನು ಸರಂಜಾಮು ಹಾಳಾದೀತೆಂದೂ ಅಂಜಿದನು. ಕಡೆಗೆ, ತಮ್ಮ ಒತ್ತಾಯದ ಮೇರೆಗೇ ಆತ ಹೋಗುತ್ತಿದ್ದಾನೆಂದು ಜನರು ಮೊಹರು ಹಾಕಿ ಬರೆದುಕೊಟ್ಟ ಪತ್ರವೊಂದನ್ನು ಪಡೆದೇ ಹೊರಟನು.

ಹಿಂದೆ ಉಳಿದವರು ಸುಮಾರು 115 ಜನ. ವೈಟ್ ಬರೆದಿಟ್ಟ ಪಟ್ಟಿಯಲ್ಲಿ 17 ಮಂದಿ ಸ್ತ್ರೀಯರಿದ್ದಾರೆ, ಬಾಲಕರಿದ್ದಾರೆ, ಅಲ್ಲಿಯೇ ಹುಟ್ಟಿದ ಎರಡು ಶಿಶುಗಳಿವೆ. ಹೊರಡುವ ಮುನ್ನ ಒಂದು ಒಪ್ಪಂದವಾಯಿತು. ಈ ಜಾಗ ಬಿಟ್ಟು ಬೇರೆಡೆಗೆ ಹೋಗಬೇಕಾಗಿ ಬಂದರೆ ಹೋಗುವ ಊರಿನ ಹೆಸರನ್ನು ಮರದ ಮೇಲೋ ಬಾಗಿಲ ಕಂಬದ ಮೇಲೋ ಕೆತ್ತಬೇಕು. ಆಪತ್ತಿನಲ್ಲಿ ಹೋಗುವುದಾದರೆ ಆ ಹೆಸರಿನ ಮೇಲೆ ಒಂದು ಶಿಲುಬೆಯ ಗುರುತು ಹಾಕಬೇಕು. ವೈಟ್ ಅವರಲ್ಲಿ ಒಬ್ಬರನ್ನೂ ಮತ್ತೆ ಕಾಣಲಿಲ್ಲ.

ಈ ಜನರು ಏನಾದರೆಂಬ ಬಗ್ಗೆ ನಾಲ್ಕು ಶತಮಾನಗಳಿಂದ ಹುಟ್ಟಿರುವ ಊಹೆಗಳಿಗೆ ಲೆಕ್ಕವಿಲ್ಲ. ಹೆಚ್ಚಿನವರು ಉತ್ತರವನ್ನು 1587ರ ಅನಂತರದ ದಿನಗಳಲ್ಲಿ ಹುಡುಕುತ್ತಾರೆ. ಆದರೆ ಈ ಕಣ್ಮರೆಯ ಬೇರುಗಳು ಅದಕ್ಕೂ ಎರಡು ವರ್ಷ ಹಿಂದೆ, ಒಂದು ಬೆಳ್ಳಿಯ ಬಟ್ಟಲಿನ ಬಳಿ ಇವೆ ಎಂದರೆ ತಪ್ಪಾಗಲಾರದು.

ರಾಣಿ ಎಲಿಜಬೆತ್ 1584ರಲ್ಲಿ ವಾಲ್ಟರ್ ರಾಲೀ ಎಂಬ ತನ್ನ ಆಸ್ಥಾನಿಕನಿಗೆ ಆ ದೂರದ ನೆಲದಲ್ಲಿ ನೆಲೆಯೂರುವ ಸನ್ನದನ್ನು ಕೊಟ್ಟಳು. ಅದೇ ವರ್ಷ ಹೋದ ಎರಡು ಹಡಗುಗಳನ್ನು ಸ್ಥಳೀಯರು ಆದರದಿಂದ ಬರಮಾಡಿಕೊಂಡು ಉಣಬಡಿಸಿದರು. ಆ ಹಡಗುಗಳಲ್ಲಿ ಅಲ್ಲಿಯ ಇಬ್ಬರು ಇಂಗ್ಲೆಂಡಿಗೆ ಬಂದರು: ಕ್ರೊಆಟೋನ್ ಜನದ ಮಾಂಟಿಯೋ, ರೋನೋಕ್ ಜನದ ವಾಂಚೀಸ್. ಇವರಿಂದಲೇ ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞನು ಆ ನಾಡಿನ ಆಲ್ಗಾಂಕ್ವಿಯನ್ ಭಾಷೆಯನ್ನು ಕಲಿತು, ಅದಕ್ಕೊಂದು ಲಿಪಿಯನ್ನೂ ರಚಿಸಿದನು. ಒಂದೇ ಹಡಗಿನಲ್ಲಿ ಹೋಗಿ ಒಂದೇ ನಗರವನ್ನು ಕಂಡುಬಂದ ಈ ಇಬ್ಬರಲ್ಲಿ ಮಾಂಟಿಯೋ ಕಡೆಯವರೆಗೂ ಇಂಗ್ಲಿಷರ ಮಿತ್ರನಾಗಿ ಉಳಿದನು. ವಾಂಚೀಸ್ ಊರಿಗೆ ಮರಳಿದೊಡನೆ ಅವರನ್ನು ತೊರೆದನು.

1585ರಲ್ಲಿ ರಿಚರ್ಡ್ ಗ್ರೆನ್‌ವಿಲ್ಲನ ನೇತೃತ್ವದಲ್ಲಿ ದೊಡ್ಡ ತಂಡವೇ ಬಂದಿತು. ಜುಲೈ ತಿಂಗಳಲ್ಲಿ ಇವರು ಅಕ್ವಾಸ್ಕೊಗಾಕ್ ಎಂಬ ಹಳ್ಳಿಗೆ ಹೋಗಿಬಂದ ಮೇಲೆ ಬೆಳ್ಳಿಯ ಬಟ್ಟಲೊಂದು ಕಾಣೆಯಾಗಿರುವುದು ತಿಳಿಯಿತು. ಹಳ್ಳಿಯವನೊಬ್ಬ ಕದ್ದನೆಂದು ನಿಶ್ಚಯಿಸಿ, ಅದನ್ನು ಕೇಳಿ ತರಲು ದೋಣಿ ಕಳುಹಿಸಿದರು. ಕೊಡುತ್ತೇವೆಂದ ಮಾತಿನಂತೆ ಬಟ್ಟಲು ಬರಲಿಲ್ಲ. ಜನರೆಲ್ಲ ಓಡಿಹೋಗಿದ್ದ ಆ ಹಳ್ಳಿಗೂ ಹೊಲದಲ್ಲಿ ನಿಂತಿದ್ದ ಪೈರಿಗೂ ಬೆಂಕಿಯಿಟ್ಟರು. ಇದನ್ನು ಬರೆದಿಟ್ಟವರು ಶತ್ರುಗಳಲ್ಲ, ಆ ತಂಡದವರೇ. ಅದೂ ದಿನಚರಿಯ ಒಂದೇ ವಾಕ್ಯದಲ್ಲಿ, ಗಾಳಿ ಯಾವ ಕಡೆ ಬೀಸಿತೆಂದು ಬರೆಯುವಷ್ಟೇ ನಿರ್ಲಿಪ್ತವಾಗಿ. ಬಟ್ಟಲಿನ ತೂಕವೆಷ್ಟೆಂದು ಅಲ್ಲಿ ಬರೆದಿಲ್ಲ.

ಗ್ರೆನ್‌ವಿಲ್ ಮರಳಿದ ಮೇಲೆ ರಾಲ್ಫ್ ಲೇನ್ ಎಂಬ ಸೈನಿಕನ ಕೈಕೆಳಗೆ ನೂರಕ್ಕೂ ಹೆಚ್ಚು ಪುರುಷರು ರೋನೋಕಿನಲ್ಲಿ ಉಳಿದರು. ಬಿತ್ತಿ ಬೆಳೆಯುವ ಅಭ್ಯಾಸ ಅವರಿಗಿರಲಿಲ್ಲ. ಹೊಟ್ಟೆಗೆ ಆ ಊರವರ ಮೆಕ್ಕೆಜೋಳವನ್ನೇ ನೆಚ್ಚಿದ್ದರು. ಬೆಳೆದವರಿಗೇ ಸಾಲದಿರುವಾಗ ಅತಿಥಿ ವರ್ಷವಿಡೀ ಕುಳಿತರೆ ಯಾವ ಮನೆಯ ಸೌಜನ್ಯ ತಾನೇ ಉಳಿದೀತು? ಅದರ ಮೇಲೆ ರೋಗ. ಇಂಗ್ಲಿಷರು ಭೇಟಿಯಿತ್ತು ಹೋದ ಕೆಲವೇ ದಿನಗಳಲ್ಲಿ ಹಳ್ಳಿಹಳ್ಳಿಗಳಲ್ಲಿ ಜನ ಸಾಯತೊಡಗಿದರೆಂದು 1588ರಲ್ಲಿ ಮುದ್ರಿತವಾದ ತನ್ನ ವರದಿಯಲ್ಲಿ ಹ್ಯಾರಿಯಟ್ ಹೇಳುತ್ತಾನೆ. ಆ ಜನರ ದೇಹಕ್ಕೆ ಪರಿಚಯವೇ ಇಲ್ಲದ ಯುರೋಪಿನ ರೋಗಗಳು ಅವಾಗಿದ್ದುವೆಂದು ಇಂದು ತಿಳಿಯುವುದು ಸುಲಭ. ಅಂದು ಎರಡು ಕಡೆಯವರಿಗೂ ಅದು ದೈವದ ಕೈವಾಡವಾಗಿ ತೋರಿತು. ಒಡೆಯನಾದ ವಿಂಗಿನಾ ತನ್ನ ಮೇಲೆ ಸಂಚು ಹೂಡಿರುವನೆಂದು ಶಂಕಿಸಿದ ಲೇನ್, 1586ರ ಜೂನ್ 1ರಂದು ಮಾತುಕತೆಯ ನೆಪದಲ್ಲಿ ಹೋಗಿ ಆತನನ್ನು ಕೊಲ್ಲಿಸಿದನು. ತಲೆಯನ್ನು ಕತ್ತರಿಸಿ ತಂದರು. ಅದೇ ತಿಂಗಳಲ್ಲಿ ಆ ದಾರಿಯಾಗಿ ಬಂದ ಫ್ರಾನ್ಸಿಸ್ ಡ್ರೇಕನ ಹಡಗುಗಳನ್ನೇರಿ ಲೇನ್ ಮತ್ತು ಆತನ ಜನರು ಸ್ವದೇಶಕ್ಕೆ ಹೋಗಿಬಿಟ್ಟರು. ಮಾಡಿದವರು ಹೋದರು. ಬಳಿಕ ಬಂದ ಗ್ರೆನ್‌ವಿಲ್ ಜಾಗ ಕಾಯಲೆಂದು 15 ಜನರನ್ನು ಬಿಟ್ಟುಹೋದನು. ಮುಂದಿನ ವರ್ಷ ಅವರಲ್ಲಿ ಒಬ್ಬನ ಮೂಳೆಗಳು ಮಾತ್ರ ಸಿಕ್ಕಿದುವು.

ಹೆಂಗಸರು ಮಕ್ಕಳೊಡನೆ 1587ರಲ್ಲಿ ಹೊರಟ ವೈಟನ ತಂಡಕ್ಕೆ ಈ ದ್ವೀಪದಲ್ಲಿ ನೆಲಸುವ ಉದ್ದೇಶವೇ ಇರಲಿಲ್ಲ. ಉತ್ತರಕ್ಕಿರುವ ಚೆಸಪೀಕ್ ಕೊಲ್ಲಿಗೆ ಹೋಗಬೇಕೆಂದು ನಿರ್ಣಯವಾಗಿತ್ತು. ಆದರೆ ಬೇಸಗೆ ಮುಗಿಯುತ್ತ ಬಂದಿತೆಂದು ಹೇಳಿ ಹಡಗಿನ ಮಾರ್ಗದರ್ಶಿ ಸೈಮನ್ ಫರ್ನಾಂಡಿಸ್ ಅವರನ್ನು ರೋನೋಕಿನಲ್ಲೇ ಇಳಿಸಿದನು. ಹೀಗಾಗಿ ಒಂದು ಗುಂಪು ಮಾಡಿದ ಸಾಲವನ್ನು ತೀರಿಸಲು ಇನ್ನೊಂದು ಗುಂಪು ಅದೇ ಮನೆಯ ಬಾಗಿಲಿಗೆ ಬಂದು ನಿಂತಂತಾಯಿತು. ಬಂದ ವಾರದೊಳಗೆ ನೀರಿನಲ್ಲಿ ಒಬ್ಬನೇ ಏಡಿ ಹಿಡಿಯುತ್ತಿದ್ದ ಜಾರ್ಜ್ ಹೋವ್ ಎಂಬವನನ್ನು ವಿಂಗಿನಾನ ಕಡೆಯವರು ಕೊಂದರು.

ಆಗ ವೈಟನಿಗೆ ನೆನಪಾದದ್ದು ಮಾಂಟಿಯೋನ ಬಂಧುಗಳು. ಸುಮಾರು 50 ಮೈಲು ದಕ್ಷಿಣಕ್ಕೆ, ಇಂದು ಹ್ಯಾಟರಸ್ ಎನ್ನಿಸಿಕೊಳ್ಳುವ ದ್ವೀಪದಲ್ಲಿ, ಕ್ರೊಆಟೋನ್ ಜನರ ವಾಸ. ಅಲ್ಲಿಗೆ ಹೋದವರನ್ನು ಕಂಡು ಅವರು ಮೊದಲು ಹೆದರಿದರು. ಮಾಂಟಿಯೋನ ದನಿ ಕೇಳಿದ ಮೇಲೆ ಬಂದು ಅಪ್ಪಿಕೊಂಡರು. ತಮ್ಮಲ್ಲಿ ಜೋಳ ಸ್ವಲ್ಪವೇ ಇದೆ, ದಯಮಾಡಿ ಅದನ್ನು ಒಯ್ಯಬೇಡಿ ಎಂದು ಬೇಡಿಕೊಂಡರು. ಇನ್ನೂ ಒಂದು ಮಾತನ್ನು ಬೇಡಿದರು. ಹಿಂದಿನ ವರ್ಷ ಲೇನನ ಸೈನಿಕರು ಶತ್ರುಗಳೆಂದು ತಪ್ಪು ತಿಳಿದು ತಮ್ಮವರನ್ನು ಗಾಯಗೊಳಿಸಿದ್ದರೆಂದೂ, ಅವರಲ್ಲೊಬ್ಬ ಇನ್ನೂ ಹೆಳವನಾಗಿ ಬಿದ್ದಿರುವನೆಂದೂ ತೋರಿಸಿ, ತಾವು ಮಿತ್ರರೆಂದು ತಿಳಿಯುವಂತೆ ಮೈಮೇಲೆ ಧರಿಸುವ ಯಾವುದಾದರೂ ಒಂದು ಗುರುತು ಕೊಡಬೇಕೆಂದು ಕೇಳಿದರು.

ಗುರುತು ಕೊಟ್ಟ ಸಂಗತಿಯನ್ನು ವೈಟ್ ಎಲ್ಲಿಯೂ ಬರೆದಿಲ್ಲ. ಹತ್ತು ದಿನ ಕಳೆಯುವುದರೊಳಗೆ ಇಂಗ್ಲಿಷರು ಹೋವ್‌ನ ಸಾವಿನ ಸೇಡಿಗಾಗಿ ನಡುರಾತ್ರಿ ನೀರು ದಾಟಿ, ನಸುಕಿನಲ್ಲಿ ದಾಸಮಾಂಕಪೂಕ್ ಎಂಬ ಹಳ್ಳಿಯ ಮೇಲೆ ಬಿದ್ದರು. ಬೆಂಕಿಯ ಸುತ್ತ ಕುಳಿತಿದ್ದವರು ಜೊಂಡಿನೊಳಕ್ಕೆ ಓಡಿದರು; ಒಬ್ಬನಿಗೆ ಗುಂಡು ತಗುಲಿತು. ಓಡುತ್ತಿದ್ದವನೊಬ್ಬ ಇಂಗ್ಲಿಷ್ ನಾಯಕನನ್ನು ಗುರುತಿಸಿ, ಸ್ಟಾಫರ್ಡ್, ಸ್ಟಾಫರ್ಡ್ ಎಂದು ಹೆಸರು ಹಿಡಿದು ಕೂಗಿ ಪ್ರಾಣ ಉಳಿಸಿಕೊಂಡನು. ಬೆನ್ನಿಗೆ ಕಟ್ಟಿಕೊಂಡಿದ್ದ ಮಗು ಕಾಣಿಸದಿದ್ದರೆ ಒಬ್ಬ ಹೆಂಗಸಿನ ತಲೆಯೂ ಉರುಳುತ್ತಿತ್ತು. ಅವರೆಲ್ಲ ಕ್ರೊಆಟೋನ್ ಜನ. ಶತ್ರುಗಳು ಊರು ಬಿಟ್ಟುಹೋಗಿದ್ದರಿಂದ, ಅಲ್ಲಿ ಉಳಿದಿದ್ದ ಜೋಳ ಕುಂಬಳಗಳನ್ನು ಆರಿಸಿಕೊಳ್ಳಲು ಬಂದಿದ್ದರು. ಮಾಂಟಿಯೋಗೆ ದುಃಖವಾಯಿತಾದರೂ, ಹೇಳಿದ ದಿನಕ್ಕೆ ಬಾರದೆ ಹೋದ ತನ್ನವರದೇ ತಪ್ಪೆಂದು ಆತ ಒಪ್ಪಿಕೊಂಡನಂತೆ. ಒಪ್ಪಿಕೊಂಡನೆಂದು ಬರೆದವನು ವೈಟ್ ಎಂಬುದನ್ನು ಮಾತ್ರ ಓದುಗರು ಮರೆಯಬಾರದು. ನಾಲ್ಕು ದಿನಗಳ ಬಳಿಕ ಮಾಂಟಿಯೋಗೆ ಕ್ರೈಸ್ತ ದೀಕ್ಷೆ ಕೊಟ್ಟು, ರಾಲೀಯ ಅಪ್ಪಣೆಯಂತೆ ರೋನೋಕಿನ ಒಡೆಯನೆಂಬ ಬಿರುದನ್ನಿತ್ತರು. ಮತ್ತೆ ಐದು ದಿನಕ್ಕೆ ವರ್ಜೀನಿಯಾ ಹುಟ್ಟಿದಳು.

ಇಷ್ಟನ್ನು ಬಲ್ಲವನಿಗೆ ವೈಟನ ಮರುಪ್ರಯಾಣದ ಕಥೆ ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ. ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ಏರಿಬರಲಿದೆಯೆಂದು 1588ರಲ್ಲಿ ಹಡಗುಗಳನ್ನೆಲ್ಲ ತಡೆಹಿಡಿದರು. ಹೇಗೋ ಎರಡು ಸಣ್ಣ ಹಡಗುಗಳನ್ನು ದೊರಕಿಸಿಕೊಂಡು ಹೊರಟರೆ, ನಾವಿಕರು ದಾರಿಯಲ್ಲಿ ಲೂಟಿಗೆ ತೊಡಗಿ, ಫ್ರೆಂಚ್ ಕಡಲುಗಳ್ಳರಿಂದ ತಾವೇ ಲೂಟಿಗೊಳಗಾಗಿ ಹಿಂದಿರುಗಿದರು. 1590ರಲ್ಲಿ ಮತ್ತೆ ಅಂಥದೇ ಲೂಟಿಯ ಹಡಗೊಂದರಲ್ಲಿ, ಜೊತೆಗೆ ಒಬ್ಬ ಸೇವಕನನ್ನೂ ಕರೆದೊಯ್ಯಲು ಅನುಮತಿಯಿಲ್ಲದೆ, ಆತ ಹೊರಟನು. ಆಗಸ್ಟ್ 17ರಂದು ದಡ ಸೇರಲು ಯತ್ನಿಸಿದ ದೋಣಿ ಮಗುಚಿ ಏಳು ಮಂದಿ ನಾವಿಕರು ಮುಳುಗಿದರು. ಆ ರಾತ್ರಿ ಕಾಡಿನೊಳಗೆ ಬೆಂಕಿಯ ಬೆಳಕು ಕಂಡಿತು. ದೋಣಿಯಲ್ಲೇ ನಿಂತು ತುತ್ತೂರಿ ಊದಿದರು, ಇಂಗ್ಲಿಷ್ ಹಾಡುಗಳನ್ನು ಹಾಡಿದರು. ಮಾರುತ್ತರ ಬರಲಿಲ್ಲ. ಬೆಳಗಾದ ಮೇಲೆ ನೋಡಿದರೆ ಒಣಹುಲ್ಲೂ ಲಡ್ಡುಮರಗಳೂ ಉರಿಯುತ್ತಿದ್ದುವು, ಅಷ್ಟೆ. ಆ ದಿನ ಆಗಸ್ಟ್ 18. ಮೊಮ್ಮಗಳಿಗೆ ಮೂರು ವರ್ಷ ತುಂಬಿದ ದಿನ.

ದಿಬ್ಬದ ಮೇಲಿನ ಒಂದು ಮರದಲ್ಲಿ ಸಿ, ಆರ್, ಓ ಎಂಬ ಮೂರು ಅಕ್ಷರಗಳಿದ್ದುವು. ಮರದ ಬೊಡ್ಡೆಗಳಿಂದ ಕಟ್ಟಿದ ಬೇಲಿಯ ಬಾಗಿಲ ಬಳಿ ಒಂದು ಕಂಬದ ತೊಗಟೆ ಸುಲಿದು, ನೆಲದಿಂದ ಐದು ಅಡಿ ಎತ್ತರದಲ್ಲಿ, ಅಂದವಾದ ದೊಡ್ಡಕ್ಷರಗಳಲ್ಲಿ ಕ್ರೊಆಟೋನ್ ಎಂದು ಕೆತ್ತಿತ್ತು. ಶಿಲುಬೆಯ ಗುರುತು ಇರಲಿಲ್ಲ. ಮನೆಗಳನ್ನು ಸುಟ್ಟಿರಲಿಲ್ಲ, ಕಳಚಿ ಒಯ್ದಿದ್ದರು. ವೈಟ್ ಹೂತಿಟ್ಟಿದ್ದ ಪೆಟ್ಟಿಗೆಗಳನ್ನು ಯಾರೋ ಅಗೆದು ತೆಗೆದಿದ್ದರು; ಪುಸ್ತಕಗಳ ರಟ್ಟು ಕಿತ್ತುಹೋಗಿತ್ತು, ಚಿತ್ರಗಳೂ ನಕಾಶೆಗಳೂ ಮಳೆಗೆ ಕೊಳೆತಿದ್ದುವು, ಕವಚಕ್ಕೆ ತುಕ್ಕು ಹಿಡಿದಿತ್ತು. ಅಂಜಿದ್ದ ಎರಡರಲ್ಲಿ ಒಂದು ಹೀಗೆ ನಿಜವಾಯಿತು. ಆದರೂ ಆತ ಸಂತೋಷಪಟ್ಟನು. ತನ್ನವರು ಮಾಂಟಿಯೋನ ಊರಿನಲ್ಲಿ ಕ್ಷೇಮವಾಗಿದ್ದಾರೆಂಬುದಕ್ಕೆ ಇದು ನಿಶ್ಚಿತವಾದ ಕುರುಹೆಂದು ಬರೆದನು. ಮರುದಿನ ಅಲ್ಲಿಗೆ ಹೋಗುವುದೆಂದು ಗೊತ್ತಾಯಿತು. ಅಷ್ಟರಲ್ಲಿ ಬಿರುಗಾಳಿ ಎದ್ದು ಲಂಗರಿನ ಹಗ್ಗ ಹರಿಯಿತು. ನಾಲ್ಕು ಲಂಗರುಗಳಲ್ಲಿ ಒಂದೇ ಉಳಿಯಿತು. ಕುಡಿಯುವ ನೀರೂ ಕಡಿಮೆಯಾಗಿತ್ತು. ಚಳಿಗಾಲವನ್ನು ದಕ್ಷಿಣದ ದ್ವೀಪಗಳಲ್ಲಿ ಕಳೆದು ಮರಳೋಣವೆಂದರೆ ಗಾಳಿ ಅವರನ್ನು ಅಜೋರ್ಸ್ ಕಡೆಗೆ ತಳ್ಳಿತು. ಅಕ್ಟೋಬರಿನಲ್ಲಿ ಇಂಗ್ಲೆಂಡ್ ಸೇರಿದರು. ಐವತ್ತು ಮೈಲಿನ ದಾರಿ ಉಳಿದುಹೋಯಿತು.

ಕಣ್ಮರೆ ಎಂಬ ಪದವನ್ನು ಇಲ್ಲಿ ಬಳಸುವುದು ಎಷ್ಟು ಸರಿಯೆಂಬ ಶಂಕೆ ಮೂಡುವುದು ಇಲ್ಲಿಯೇ. ಹೋಗುವವರು ಹೋಗುವ ಊರನ್ನು ಹೇಳಿಯೇ ಹೋಗಿದ್ದರು, ಒಪ್ಪಂದದ ಪ್ರಕಾರವೇ. ಕೇಳಿಸಿಕೊಂಡವನೂ ಅರ್ಥಮಾಡಿಕೊಂಡಿದ್ದನು. ಮುಂದಿನ ದಶಕದಲ್ಲಿ ಯಾರೂ ಆ ದಡಕ್ಕೆ ಇಳಿದು ಕೇಳಲಿಲ್ಲ. ರಾಲೀಗೆ ರಾಣಿಯ ಅವಕೃಪೆ, ಸೆರೆಮನೆ, ಬಳಿಕ ಗಯಾನಾದ ಚಿನ್ನದ ಕನಸು. ಆತ 1602ರಲ್ಲಿ ಕಳುಹಿಸಿದ ಹಡಗೂ ಅಲ್ಲಿಗೆ ಮುಟ್ಟದೆ ಮರಳಿತು. ವೈಟನ ಕಡೆಯ ಮಾತು ದೊರೆಯುವುದು 1593ರಲ್ಲಿ ಆತ ಐರ್ಲೆಂಡಿನಿಂದ ರಿಚರ್ಡ್ ಹಕ್ಲೂಯಿಟ್ ಎಂಬ ಗ್ರಂಥಕಾರನಿಗೆ ಬರೆದ ಕಾಗದದಲ್ಲಿ. ತನ್ನ ಇಷ್ಟದಂತೆ ಸಂಪತ್ತೂ ಇದ್ದಿದ್ದರೆ ಎಂದು ಹಲುಬಿ, ಅಲ್ಲುಳಿದವರನ್ನು ದೇವರ ಕರುಣೆಗೆ ಒಪ್ಪಿಸಿ ಆತ ಸುಮ್ಮನಾಗುತ್ತಾನೆ.

ಹೋಗಿ ಕೇಳದೆ ಉಳಿದ ಪ್ರಶ್ನೆಗೆ ಉತ್ತರ ಕಟ್ಟುವವರಿಗೆ ಬರವಿರಲಿಲ್ಲ. ಸ್ಪೇನಿನವರು ಕೊಂದಿರಬೇಕೆಂದು ಹಲವರು ಹೇಳಿದರು. ಆದರೆ ಸ್ಪೇನಿನ ಹಡಗೊಂದು 1588ರಲ್ಲಿ ಆ ದಡಕ್ಕೆ ಬಂದು ದೋಣಿ ಇಳಿಸುವ ಜಾರುದಾರಿಯನ್ನೂ ಪೀಪಾಯಿಗಳನ್ನೂ ಕಂಡಿತೇ ಹೊರತು ಜನರನ್ನು ಕಾಣಲಿಲ್ಲ. ಆ ಬಳಿಕವೂ ವರ್ಷಗಟ್ಟಲೆ ಸ್ಪೇನಿನವರು ಈ ವಸಾಹತನ್ನು ಹುಡುಕುತ್ತಲೇ ಇದ್ದರು. ಉಳಿದಿದ್ದ ಸಣ್ಣ ನೌಕೆಯಲ್ಲಿ ಸ್ವದೇಶಕ್ಕೆ ಹೊರಟು ಮುಳುಗಿದರೆಂಬುದು ಇನ್ನೊಂದು ಊಹೆ. ಬರಗಾಲದ ಮಾತು ಇದಕ್ಕಿಂತ ಗಟ್ಟಿಯಾದುದು: ಆ ಸೀಮೆಯ ಹಳೆಯ ಸೈಪ್ರಸ್ ಮರಗಳ ಬಳೆಗಳನ್ನೆಣಿಸಿದ ವಿಜ್ಞಾನಿಗಳು, 1587ರಿಂದ 1589ರವರೆಗಿನ ಮೂರು ವರ್ಷಗಳ ಅನಾವೃಷ್ಟಿ 800 ವರ್ಷಗಳಲ್ಲೇ ಅತಿ ತೀವ್ರವಾದುದೆಂದು 1998ರಲ್ಲಿ ತೋರಿಸಿದರು. ಜೋಳವನ್ನು ಒಯ್ಯಬೇಡಿ ಎಂದು ಕ್ರೊಆಟೋನ್ ಜನ ಬೇಡಿದ್ದು ಆ ಮೂರರಲ್ಲಿ ಮೊದಲ ವರ್ಷ. ನೂರಕ್ಕೂ ಹೆಚ್ಚು ಹೊಸ ಹೊಟ್ಟೆಗಳನ್ನು ಒಂದೇ ಊರು ಸಾಕಲಾರದು. ಅವರು ಒಡೆದು ಎರಡು ಮೂರು ಕಡೆಗೆ ಹೋಗಿರಬಹುದೆಂದು ಅನೇಕ ವಿದ್ವಾಂಸರು ತಿಳಿಯುವುದಕ್ಕೆ ಇದೂ ಒಂದು ಕಾರಣ.

ಒಳನಾಡಿಗೆ 50 ಮೈಲು ಹೋಗುವ ಮಾತು ಮೊದಲೇ ಬಂದಿತ್ತೆಂದು ವೈಟನೇ ಹೇಳಿದ್ದಾನೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಆತನ ನಕಾಶೆಯೊಂದರ ಮೇಲೆ ಅಂಟಿಸಿದ ಕಾಗದದ ತೇಪೆಯ ಕೆಳಗೆ ಕೋಟೆಯ ಚಿಹ್ನೆ ಇರುವುದು 2012ರಲ್ಲಿ ಪತ್ತೆಯಾಯಿತು. ಆ ಜಾಗದ ಸಮೀಪ ಅಗೆದಾಗ ಆ ಕಾಲದ್ದೆನ್ನಲಾದ ಇಂಗ್ಲಿಷ್ ಮಡಕೆಯ ಚೂರುಗಳು ದೊರೆತುವು. ಕೆಲವರಾದರೂ ಅಲ್ಲಿಗೆ ಹೋಗಿರಬಹುದು.

ಹತ್ಯೆಯ ಕಥೆಯನ್ನು ಮಾತ್ರ ಇನ್ನಷ್ಟು ನಿಂತು ನೋಡಬೇಕು. 1607ರಲ್ಲಿ ಜೇಮ್ಸ್‌ಟೌನಿನಲ್ಲಿ ನೆಲಸಿದ ಇಂಗ್ಲಿಷರಿಗೆ, ತಮ್ಮಂತೆ ಬಟ್ಟೆ ತೊಟ್ಟವರು ದಕ್ಷಿಣದಲ್ಲೆಲ್ಲೋ ಇದ್ದಾರೆಂಬ ವದಂತಿ ಕೇಳಿಬಂದಿತು. ಪೊಹಾಟನ್ ಎಂಬ ಬಲಶಾಲಿ ಅರಸನೇ ಅವರನ್ನು ಕೊಲ್ಲಿಸಿದನೆಂದು ವಿಲಿಯಂ ಸ್ಟ್ರೇಚಿ ಬರೆದನು. ಅದು ನಿಜವಿದ್ದರೂ ಇರಬಹುದು. ಆದರೆ ಅದಕ್ಕೆ ಸಾಕ್ಷಿಯಾಗುವ ಒಂದು ಮೂಳೆಯೂ ಈವರೆಗೆ ನೆಲದಿಂದ ಎದ್ದುಬಂದಿಲ್ಲ. 1625ರಲ್ಲಿ ಸ್ಯಾಮ್ಯುಯೆಲ್ ಪರ್ಚಸ್ ಎಂಬ ಪಾದ್ರಿ ಈ ಕಥೆಯನ್ನೇ ಹಿಡಿದು, ಅಲ್ಲಿ ಬಿದ್ದ ಇಂಗ್ಲಿಷರ ಮೂಳೆಗಳೇ ಆ ನೆಲದ ಮೇಲೆ ಇಂಗ್ಲೆಂಡಿನ ಹಕ್ಕನ್ನು ಸ್ಥಾಪಿಸಿವೆಯೆಂದು ವಾದಿಸಿದನು. ಬದುಕಿದ್ದಾಗ ಒಂದು ಹಡಗಿಗೆ ಯೋಗ್ಯರೆನಿಸದವರು ಸತ್ತ ಮೇಲೆ ಒಂದು ರಾಜ್ಯಕ್ಕೆ ಹಕ್ಕುಪತ್ರವಾದರು.

ಬಯಕೆ ಎಷ್ಟರಮಟ್ಟಿಗೆ ಕಣ್ಣು ಕಟ್ಟುತ್ತದೆಂಬುದಕ್ಕೆ ಈಚಿನ ಉದಾಹರಣೆಗಳೂ ಉಂಟು. ಎಲಿನಾರಳೇ ತಂದೆಗಾಗಿ ಕೆತ್ತಿದ್ದೆನ್ನಲಾದ ಒಂದು ಕಲ್ಲು 1937ರಲ್ಲಿ ಬೆಳಕಿಗೆ ಬಂದಿತು. ಇನ್ನಷ್ಟು ತಂದವರಿಗೆ ಹಣ ಕೊಡುವುದಾಗಿ ಹೇಳಿದ್ದೇ ತಡ, ಕಲ್ಲುಗಳು ನಲವತ್ತನ್ನು ಮೀರಿದುವು! 1941ರಲ್ಲಿ ಪತ್ರಿಕೆಯೊಂದು ಆ ರಾಶಿಯ ಮೋಸವನ್ನು ಬಯಲುಮಾಡಿತು. ಮೊದಲ ಕಲ್ಲಿನ ಬಗ್ಗೆ ಮಾತ್ರ ವಾದ ಇನ್ನೂ ನಿಂತಿಲ್ಲ. 1998ರಲ್ಲಿ ಹ್ಯಾಟರಸ್ ದ್ವೀಪದಲ್ಲಿ ಸಿಕ್ಕ ಮುದ್ರೆಯುಂಗುರವನ್ನು ಚಿನ್ನದ್ದೆಂದೂ, ಇಂಗ್ಲಿಷ್ ಕುಲೀನನದೆಂದೂ ಸಂಭ್ರಮಿಸಿದರು. 2017ರಲ್ಲಿ ಪರೀಕ್ಷಿಸಿದಾಗ ಅದು ಹಿತ್ತಾಳೆಯೆಂದು ತಿಳಿಯಿತು.

ಅದೇ ದ್ವೀಪದಲ್ಲಿ ನಡೆದ ಉತ್ಖನನಗಳಲ್ಲಿ ಸ್ಥಳೀಯರ ಮಡಕೆ, ಮೀನುಮೂಳೆಗಳ ನಡುವೆ ಕತ್ತಿಯ ಹಿಡಿ ಮೊದಲಾದ ಯುರೋಪಿನ ವಸ್ತುಗಳು ದೊರೆತಿವೆ. ವ್ಯಾಪಾರದಿಂದಲೂ ಅವು ಬಂದಿರಬಹುದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆ ಕಂಬದ ಮಾತನ್ನು ನಂಬಲು ಇದಕ್ಕಿಂತ ಹಳೆಯದಾದ ಒಂದು ಆಧಾರವಿದೆ. ಜಾನ್ ಲಾಸನ್ ಎಂಬ ಪ್ರವಾಸಿ 1709ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹ್ಯಾಟರಸ್ ಜನರು ತನಗೆ ಹೇಳಿದ್ದನ್ನು ಬರೆದಿದ್ದಾನೆ: ತಮ್ಮ ಪೂರ್ವಜರಲ್ಲಿ ಹಲವರು ಬಿಳಿಯರಾಗಿದ್ದರು, ಪುಸ್ತಕದಲ್ಲಿ ಮಾತಾಡಬಲ್ಲವರಾಗಿದ್ದರು ಎಂದು. ಅವರಲ್ಲಿ ಕೆಲವರ ಕಣ್ಣು ಬೂದು ಬಣ್ಣದ್ದಾಗಿರುವುದನ್ನೂ ಆತ ಗಮನಿಸಿದ್ದನು. ಇದನ್ನು ಒಪ್ಪುವುದಾದರೆ, ಒಂದು ಗುರುತನ್ನು ಕೇಳಿ, ಅದು ಸಿಗದೆ, ನಸುಕಿನಲ್ಲಿ ಗುಂಡಿನೇಟು ತಿಂದವರೇ ಹೊಡೆದವರ ಹೆಂಗಸರನ್ನೂ ಮಕ್ಕಳನ್ನೂ ಬರಗಾಲದಲ್ಲಿ ತಮ್ಮ ಒಲೆಯ ಬಳಿಗೆ ಕರೆದುಕೊಂಡರೆಂದು ಒಪ್ಪಬೇಕಾಗುತ್ತದೆ. ರೋನೋಕಿನ ಊಹೆಗಳಲ್ಲೆಲ್ಲ ಜನಪ್ರಿಯತೆಯಲ್ಲಿ ಇದು ಬಹುಕಾಲ ಹಿಂದೆ ಉಳಿದುದು ವಿಚಿತ್ರವೇ.

ತನ್ನ ಪುಸ್ತಕದ ಕೊನೆಯಲ್ಲಿ ಲಾಸನ್ ಆ ಸೀಮೆಯ ಜನಾಂಗಗಳ ಪಟ್ಟಿಯನ್ನು ಕೊಡುತ್ತಾನೆ. ಹ್ಯಾಟರಸ್ ಜನರ ಎದುರಿಗೆ ಊರು ಒಂದು ಎಂದಿದೆ, ಆಯುಧ ಹಿಡಿಯಬಲ್ಲ ಗಂಡಸರು 16 ಎಂದಿದೆ.